ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ

ಚುನಾವಣೆ ಗೆದ್ದವರಿಗೆ ಇತಿಹಾಸ ಬರೆಯಲು ಪುರಸೊತ್ತು ಇರುವುದಿಲ್ಲ. ನಮ್ಮ ಸೀಮೆಯ ಇತಿಹಾಸ ಬರೆದ ಮಾಜಿ ಶಾಸಕರು ಎರಡು ಸಲ ಗೆದ್ದರು, ಮೂರನೆಯ ಸಲ ಠೇವಣಿ ಕಳೆದುಕೊಂಡರು. ಅವರ ಮನೆಯ ಮುಂದೆ ನಿಲ್ಲುತ್ತಿದ್ದ ಜೀಪುಗಳೆಲ್ಲ ಬೇರೆಯವರ ಮನೆಯ ಮುಂದೆ ನಿಲ್ಲತೊಡಗಿದ ಮೇಲೆ ಪೆನ್ನು ಹಿಡಿದರು. ಕೊಪ್ಪಳದ ಕೋಟೆಯ ಹಳೆಯ ದಂಗೆಯಿಂದ ಶುರು ಮಾಡಿ, ನಿಜಾಮನ ಆಳ್ವಿಕೆ, ರಜಾಕಾರರ ಹಾವಳಿ, ಗಡಿಯಾಚೆ ಹುಡುಗರು ಕಟ್ಟಿಕೊಂಡ ಶಿಬಿರಗಳು, ಕೊನೆಗೆ ದೆಹಲಿಯ ಸೈನ್ಯ ಬಂದು ಹೈದರಾಬಾದ್ ಸಂಸ್ಥಾನ ಮುಗಿದದ್ದು, ಎಲ್ಲವನ್ನೂ ಇಟ್ಟಿಗೆಯಷ್ಟು ದಪ್ಪದ ಪುಸ್ತಕದಲ್ಲಿ ತುಂಬಿದರು. ಇವತ್ತಿಗೂ ಕುಷ್ಟಗಿ, ಯಲಬುರ್ಗಾ ಕಡೆಯ ಯಾವ ಹೈಸ್ಕೂಲಿನ ಕಪಾಟು ತೆಗೆದರೂ ಅದು ಇರುತ್ತದೆ. ಸೆಪ್ಟೆಂಬರ್ ಹದಿನೇಳರ ಧ್ವಜಾರೋಹಣಕ್ಕೆ ಭಾಷಣ ಬರೆದುಕೊಳ್ಳುವ ಮಾಸ್ತರರಿಗೆ ಅದೇ ಗತಿ.

ಆ ಪುಸ್ತಕದಲ್ಲಿ ಎಲ್ಲಿ ಧ್ವಜ ಏರಿದರೂ ಹಗ್ಗದ ಒಂದು ತುದಿ ಲೇಖಕರ ಕೈಯಲ್ಲಿಯೇ ಇರುತ್ತದೆ. ಓದುವವರು ಒಳಗೊಳಗೆ ನಗುತ್ತಾರೆ, ನಾನೂ ನಕ್ಕಿದ್ದೇನೆ. ಹಾಗೆಂದು ಪುಸ್ತಕ ಸುಳ್ಳಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಅವರು ತುಂಬಿದ ತುಂಗಭದ್ರೆಯನ್ನು ಈಜಿದ್ದು ನಿಜ, ಜೈಲು ಕಂಡದ್ದು ನಿಜ. ಅದರಲ್ಲಿ ಒಂದೇ ಒಂದು ಮಾತು ಸುಳ್ಳೆಂದು ನನಗೆ ಗೊತ್ತು. ಯಾಕೆಂದರೆ ಆ ಮಾತನ್ನು ಅವರಿಗೆ ಕೊಟ್ಟವನು ನಾನು.

ಗಂಗಾವತಿಯ ತಾಲ್ಲೂಕು ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ನಾನು ಅರ್ಜಿ ಬರೆಯುತ್ತೇನೆ. ಅರ್ಜಿ ಬರೆಯುವವರಿಗೆ ಅಲ್ಲಿ ಬರವಿಲ್ಲ. ನನ್ನನ್ನು ಹುಡುಕಿಕೊಂಡು ಬರುವವರು ಬೇರೆ ಕೆಲಸಕ್ಕೆ ಬರುತ್ತಾರೆ. ನಿಜಾಮನ ಕಾಲದ ಹೊಲಮನೆಯ ಕಾಗದಗಳೆಲ್ಲ ಉರ್ದುವಿನಲ್ಲಿವೆ. ಅದೂ ಕಾರಕೂನರು ಅವಸರದಲ್ಲಿ ಅಕ್ಷರ ಮುರಿದು, ಚುಕ್ಕೆ ಬಿಟ್ಟು, ಒಂದಕ್ಕೊಂದು ಅಂಟಿಸಿ ಗೀಚಿದ ಶಿಕಸ್ತಾ ಎಂಬ ಬರಹದಲ್ಲಿ. ಮದರಸಾದಲ್ಲಿ ಉರ್ದು ಕಲಿತವರಿಗೂ ಅದು ಓದಲು ಬಾರದು. ನನಗೆ ಬರುತ್ತದೆ. ನನ್ನ ಅಬ್ಬಾ ಉರ್ದು ಶಾಲೆಯ ಮಾಸ್ತರರಾಗಿದ್ದರು, ಬೆರಳ ಮೇಲೆ ಹೊಡೆದು ಕಲಿಸಿದ್ದರು. ಅವರು ಬಾಯಿಬಿಟ್ಟರೆ ಒಂದೇ ಗಾದೆ: "ನುಖ್ತೆ ಕೆ ಹೇರ್ ಫೇರ್ ಸೆ ಖುದಾ ಜುದಾ." ಮೇಲಿನ ಚುಕ್ಕೆಯನ್ನು ಕೆಳಗಿಟ್ಟರೆ ದೇವರು ಹೋಗಿ ಅಗಲಿಕೆಯಾಗುತ್ತದೆ ಎಂದು ಅರ್ಥ. ನನ್ನ ಜನ್ಮಕ್ಕೇ ಹೇಳಿದಂತಿತ್ತು ಆ ಗಾದೆ, ಆದರೆ ಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಮೂವತ್ತು ವರ್ಷದ ಹಿಂದೆ ಮಾಜಿ ಶಾಸಕರು ಪುಸ್ತಕ ಬರೆಯುತ್ತಿದ್ದಾಗ ಎಲ್ಲಿಂದಲೋ ಒಂದು ಗಂಟು ಉರ್ದು ಕಾಗದ ಸಂಪಾದಿಸಿದ್ದರು. ಓದಲು ನನ್ನನ್ನು ಕೊಪ್ಪಳಕ್ಕೆ ಕರೆಸಿದರು. ನನಗಾಗ ಮೂವತ್ತರ ಆಸುಪಾಸು. ವಾರಕ್ಕೆ ಎರಡು ದಿನ ಅವರ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ನಾನು ಓದುವುದು, ಅವರು ಬರೆದುಕೊಳ್ಳುವುದು. ಚಹಾ ಅಲ್ಲಿಗೇ ಬರುತ್ತಿತ್ತು. ಒಳಗೆ ಬಾ ಎಂದು ಯಾರೂ ಕರೆಯುತ್ತಿರಲಿಲ್ಲ, ನಾನೂ ಕರೆಯಲಿ ಎಂದು ಕಾಯುತ್ತಿರಲಿಲ್ಲ.

ಆ ಗಂಟಿನಲ್ಲಿ ಅವರಿಗೆ ಬೇಕಾಗಿದ್ದದ್ದು ಒಂದೇ. ದೇಶ ಸ್ವತಂತ್ರವಾದ ಮೇಲಿನ ಒಂದು ವರ್ಷ ತುಂಗಭದ್ರೆಯ ಈಚೆ ದಂಡೆ ಇನ್ನೂ ನಿಜಾಮನದು, ಆಚೆ ದಂಡೆ ಭಾರತದ ಬಳ್ಳಾರಿ ಸೀಮೆ. ಈಚೆ, ಹನುಮನಹಳ್ಳಿಯ ಹತ್ತಿರ ನದಿಗೆ ಇಳಿಯುವಲ್ಲಿ ಸುಂಕದ ನಾಕಾ ಒಂದಿತ್ತು. ಆಚೆಯ ಶಿಬಿರದಿಂದ ಮೂವರು ಹುಡುಗರು ಹರಿಗೋಲಿನಲ್ಲಿ ನಾಕಾ ಸುಡಲು ಬಂದರು. ಪೊಲೀಸರು ಮೊದಲೇ ಬಂದು ಬಂಡೆಗಳ ಹಿಂದೆ ಕೂತಿದ್ದರು. ಇಬ್ಬರು ದಂಡೆಯಲ್ಲೇ ಗುಂಡಿಗೆ ಬಿದ್ದರು. ಮೂರನೆಯವನು ನೀರಿಗೆ ಹಾರಿ ಈಜಿ ಬದುಕಿದ. ಆ ಮೂರನೆಯವರೇ ನಮ್ಮ ಮಾಜಿ ಶಾಸಕರು. ಸುದ್ದಿ ಮುಟ್ಟಿಸಿದವರು ಯಾರು ಎಂದು ಅವರು ಆವತ್ತಿನಿಂದ ಹುಡುಕುತ್ತಿದ್ದರು. ಶಾಸಕರಾಗಿದ್ದಾಗಲೂ ಹುಡುಕಿದರಂತೆ.

"ಮುನ್ಷಿ, ಆ ಮಗ ಇದರಾಗ ಎಲ್ಲೋ ಅದಾನ. ಅವನ ಹೆಸರು ಬೇಕು ನನಗ. ಛಲೋತ್ನಾಗಿ ನೋಡಿ ಓದು," ಎಂದಿದ್ದರು.

ನಾನು ನೋಡುತ್ತಿದ್ದದ್ದು ಬೇರೆ. ಈ ಮಾತನ್ನು ಬಹಳ ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ, ಈಗ ಹೇಳಿಬಿಡುತ್ತೇನೆ. ಪುಸ್ತಕಗಳು ಆ ಕಾಲವನ್ನು ವಿಮೋಚನೆ ಎನ್ನುತ್ತವೆ, ಹಳ್ಳಿಯವರು ರಜಾಕಾರರ ಹಾವಳಿ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. "ಆ ವರ್ಷ" ಎನ್ನುತ್ತಿದ್ದರು, ಅಷ್ಟು ಹೇಳಿ ಮಾತು ಬದಲಿಸುತ್ತಿದ್ದರು. ಒಂದೊಂದು ಹಾಳೆ ತಿರುವುವಾಗಲೂ ಮೊದಲು ಹೆಸರುಗಳ ಮೇಲೆ ಕಣ್ಣಾಡಿಸುತ್ತಿದ್ದೆ. ಆ ಹೆಸರು ನಮ್ಮವರಲ್ಲಿ ಒಬ್ಬರದಾಗಿದ್ದರೆ? ಆ ಕಟ್ಟೆಯ ಮೇಲೆ ಕೂತು, ನನ್ನ ಬಾಯಿಂದಲೇ ಅದನ್ನು ಓದಿ ಹೇಳಬೇಕಲ್ಲ. ನಾಳೆ ಗಂಗಾವತಿಯ ಪೇಟೆಯಲ್ಲಿ ಆ ಹೆಸರಿನವರ ಮಕ್ಕಳು ಹೇಗೆ ತಿರುಗಾಡಬೇಕು?

ಒಂದು ದಿನ ಒಂದು ಪಟ್ಟಿ ಸಿಕ್ಕಿತು. ಆ ನಾಕಾದ ಸುತ್ತಲಿನ ಜನರ ಹೆಸರು, ಮುಂದೆ ಅವರವರ ಕೆಲಸ. ನಡುವೆ ಒಂದು ಹೆಸರಿನ ಮುಂದೆ ನಾಲ್ಕಕ್ಷರದ ಒಂದು ಶಬ್ದ. ನಾನು ಮೊದಲು ಹೆಸರು ನೋಡಿದೆ. ಅದು ನಮ್ಮವರ ಹೆಸರಲ್ಲ. ಒಬ್ಬ ಹಿಂದೂ ಹೆಸರು, ದುಡಿದು ತಿನ್ನುವ ಜನರಲ್ಲಿ ಇಡುವ ಹೆಸರು. ಆಮೇಲೆ ಶಬ್ದ ನೋಡಿದೆ. ಮುಖ್ಬಿರ್. ಗುಪ್ತವಾಗಿ ಸುದ್ದಿ ಮುಟ್ಟಿಸುವವನು.

ಅಲ್ಹಮ್ದುಲಿಲ್ಲಾ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆ ಶಬ್ದವನ್ನು ಎರಡನೆಯ ಸಲ ನೋಡಲಿಲ್ಲ. ಮನೆಗೆ ಒಯ್ದು ಅಬ್ಬಾಗೆ ತೋರಿಸಿದ್ದರೆ ಅವರು ಒಂದು ಚಿಟಿಕೆ ಹೊಡೆಯುವುದರೊಳಗೆ ನನ್ನ ತಪ್ಪು ಹಿಡಿಯುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ಆ ವರ್ಷದ ಕಾಗದ ಬಿಚ್ಚುವಂತಿರಲಿಲ್ಲ.

ಓದಿ ಹೇಳಿದೆ. ಶಾಸಕರ ಕಣ್ಣಲ್ಲಿ ನೀರು ಬಂತು. ಸತ್ತ ಇಬ್ಬರ ಹೆಸರು ಹಿಡಿದು, "ಸಿಕ್ಕ ನೋಡ್ರೋ," ಎಂದರು. ಆಮೇಲೆ ನನ್ನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋಗಿ ಪಡಸಾಲೆಯಲ್ಲಿ ಮಣೆ ಹಾಕಿಸಿ ತಮ್ಮ ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡರು. ರೊಟ್ಟಿ, ಎಣ್ಣೆಗಾಯಿ, ಮೇಲೆ ಕೆನೆಮೊಸರು. ಆ ಊಟ ನನಗೆ ಬಹಳ ರುಚಿಯಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳಲಾರೆ.

ಪುಸ್ತಕ ಬಂತು. ಆ ಅಧ್ಯಾಯದಲ್ಲಿ ಊರಿನ ಹೆಸರು, ಮನುಷ್ಯನ ಹೆಸರು, ಮುಂದೆ "ಈ ಮುಖ್ಬಿರನ ದ್ರೋಹದಿಂದ" ಎಂದು ಅಚ್ಚಾಯಿತು. ನನ್ನ ಹೆಸರು ಮುನ್ನುಡಿಯ ಕೊನೆಗೆ, ಕೃತಜ್ಞತೆಗಳ ಸಾಲಿನಲ್ಲಿ, ಅದೂ ತಪ್ಪಾಗಿ ಅಚ್ಚಾಗಿತ್ತು. ಅದಕ್ಕೆ ಒಂದು ವಾರ ಸಿಟ್ಟು ಮಾಡಿಕೊಂಡಿದ್ದೆ. ಮುಖ್ಬಿರ್ ಎಂದು ಅಚ್ಚಾದವನಿಗೆ ಮನೆ ಇರಬಹುದು, ಮನೆಯಲ್ಲಿ ಜನ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಹೋದ ವರ್ಷ ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ದಿನಗಳಲ್ಲಿ ಒಬ್ಬ ಮುದುಕಿ ನನ್ನ ಮೇಜಿನ ಹತ್ತಿರ ಬಂದು ನಿಂತರು. ಎಂಬತ್ತು ದಾಟಿದ ಹೆಂಗಸು. ಜೀವಮಾನವೆಲ್ಲ ಭತ್ತದ ನಾಟಿ ಮಾಡಿದವರ ಬೆನ್ನು ಹೇಗಿರುತ್ತದೋ ಹಾಗೆ ಬಾಗಿತ್ತು. ಒಬ್ಬರೇ ಬಂದಿದ್ದರು. ಸೊಂಟದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು, ಅದರೊಳಗೆ ಬಟ್ಟೆ, ಬಟ್ಟೆಯೊಳಗೆ ನಾಲ್ಕು ಮಡಿಕೆಯ ಕಾಗದ.

"ಸಾಬ್ರ, ನೀವು ನಿಜಾಮನ ಕಾಗದ ಓದ್ತೀರಂತಲ್ರಿ?"

"ಓದ್ತೀನವ್ವಾ. ಕೂಡ್ರಿ. ಹೊಲದ್ದೇನು, ಮನಿದು?"

"ಹೊಲದ್ದಲ್ರಿ, ಮನಿದಲ್ರಿ. ನಮ್ಮಪ್ಪಂದು." ಕಾಗದ ಕೊಡಲಿಲ್ಲ, ಎದೆಗೆ ಹಿಡಿದುಕೊಂಡೇ ಕೂತರು. "ನಮ್ಮದು ಹನಮನಹಳ್ಳಿ ರೀ. ನಮ್ಮ ಮನಿಗೆ ಮುಕಬೀರದವರ ಮನಿ ಅಂತಾರ. ಪುಸ್ತಕದಾಗ ಬಂದೈತಂತ ನಮ್ಮಪ್ಪಂದು."

ಕಾಗದಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ನಮ್ಮ ಕಡೆ ಅಡ್ಡಹೆಸರಿಗೆ ಬರವಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಏನು ಮಾರಿದರೆ ಅದು, ಏನು ಮಾಡಿದರೆ ಅದು, ಮೂರು ತಲೆಮಾರಿಗೆ ಅಂಟಿಕೊಳ್ಳುತ್ತದೆ. ಪುಸ್ತಕ ಬಂದ ಮರುವರ್ಷ ಊರ ಶಾಲೆಯ ಧ್ವಜಾರೋಹಣದಲ್ಲಿ ಯಾರೋ ಆ ಅಧ್ಯಾಯವನ್ನು ಜೋರಾಗಿ ಓದಿದರಂತೆ. ಆವತ್ತಿನಿಂದ ಅವರ ಮನೆಗೆ ಆ ಹೆಸರು. ಮೊದಮೊದಲು ಬೈಗಳ ಹಾಗೆ ಅಂದರು. ಈಗ ಅದರ ಅರ್ಥ ಯಾರಿಗೂ ಗೊತ್ತಿಲ್ಲ, ಊರ ಪಕ್ಕದ ಹನುಮನ ಬೆಟ್ಟ ಹತ್ತಲು ಬರುವ ಯಾತ್ರಿಕರಿಗೆ ದಾರಿ ಹೇಳುವ ಮಕ್ಕಳು ಕೂಡ "ಮುಕಬೀರದವರ ಮನಿ ಮುಂದ ಹಾದು ಹೋಗ್ರಿ" ಅನ್ನುತ್ತಾರಂತೆ. ಅರ್ಥ ಗೊತ್ತಿದ್ದವರು ಆ ಊರಿನಲ್ಲಿ ಈ ಮುದುಕಿ ಒಬ್ಬರೇ ಉಳಿದಿದ್ದರು.

"ಹೊಸಾ ಪುಸ್ತಕ ಛಾಪಿಸ್ತಾರಂತ ಕೇಳಿದೆ. ಮತ್ತ ಅದನ್ನ ಬರೀತಾರ. ನಾ ಸಾಯೂದರಾಗ ಒಮ್ಮೆ ಕೇಳಿ ಬಿಡೂನು ಅಂತ ಬಂದೀನ್ರಿ. ಈ ಕಾಗದ ನಮ್ಮಪ್ಪನ ಟ್ರಂಕಿನಾಗಿತ್ತು. ಅವಗ ನೌಕರಿ ಕೊಟ್ಟ ಕಾಗದ. ಇದರಾಗ ಅವನ ಕೆಲಸ ಏನಂತ ಬರದೈತಿ, ಇದ್ದದ್ದು ಇದ್ದಂಗ ಹೇಳ್ರಿ."

"ಇಷ್ಟು ದಿನ ಯಾಕ ತೋರಿಸಲಿಲ್ಲವ್ವಾ? ಪುಸ್ತಕ ಬಂದಾಗಲೇ ತೋರಿಸಬಹುದಿತ್ತಲ್ಲ?"

ಅವರು ನನ್ನ ಮುಖ ನೋಡಲಿಲ್ಲ. "ಇದರಾಗೂ ಹಂಗ ಬರದಿತ್ತಂದ್ರ ಏನ್ ಮಾಡ್ಲಿರಿ? ಬಿಚ್ಚದ ಇದ್ರ, ಇಲ್ಲೇನೋ ಅಂತಾದರೂ ಅನಕೊಂಡು ಇರಬಹುದಲ್ರಿ."

ಕಾಗದ ಬಿಚ್ಚಿದೆ. ಅಚ್ಚುಕಟ್ಟಾದ ಬರಹ, ಯಾರೋ ನಿಧಾನವಾಗಿ ಕೂತು ಬರೆದದ್ದು. ನದಿ ನಾಕಾದಲ್ಲಿ ಇಂಥವರ ಮಗ ಇಂಥವನನ್ನು ಮುಹರ್ರಿರ್ ಹುದ್ದೆಗೆ ನೇಮಿಸಲಾಗಿದೆ ಎಂದಿತ್ತು. ಮುಹರ್ರಿರ್ ಅಂದರೆ ಬರೆಯುವವನು, ಕಾರಕೂನ. ಉರ್ದುವಿನ ಹ ಅಕ್ಷರದ ಮೇಲೆ ಒಂದು ಚುಕ್ಕೆ ಬಿದ್ದರೆ ಖ ಆಗುತ್ತದೆ. ಅವಸರದಲ್ಲಿ ಎರಡು ರ ಕೂಡಿಸಿ ಎಳೆದರೆ ಮೊದಲನೆಯದು ಬ ಅಕ್ಷರದ ಹಾಗೆ ಕಾಣುತ್ತದೆ, ಬ ಆಗಬೇಕಾದರೆ ಚುಕ್ಕೆ ಮಾತ್ರ ಕೆಳಗೆ ಇರಬೇಕು. ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ. ಅಷ್ಟಿದ್ದರೆ ಮುಹರ್ರಿರ್ ಹೋಗಿ ಮುಖ್ಬಿರ್. ಆವತ್ತು ಆ ಪಟ್ಟಿಯಲ್ಲಿ ನಾನು ತಪ್ಪಾಗಿ ಓದಿದ್ದು ಇದೇ ಶಬ್ದವನ್ನೇ?

"ಕಾರಕೂನ ಅಂತ ಬರದೈತವ್ವಾ. ನಾಕಾದಾಗ ಬರಿಯೋ ಕೆಲಸ. ಬ್ಯಾರೆ ಏನೂ ಇಲ್ಲ."

"ಖರೇನೇನ್ರಿ?"

"ಖರೇ."

ಸೆರಗು ಬಾಯಿಗೆ ಹಿಡಿದುಕೊಂಡು ಕೂತರು. ಅಳಲಿಲ್ಲ. ಎಷ್ಟಾಯಿತು ಎಂದು ಕೇಳಿದರು, ನಾನು ಬೇಡ ಎಂದೆ. ಪುಣ್ಯವಂತರು ಎಂದು ನನಗೆ ಕೈ ಮುಗಿದರು. ಆಗಲಾದರೂ ನನ್ನ ಬಾಯಿಂದ ನಿಜ ಬರಬೇಕಾಗಿತ್ತು, ಬರಲಿಲ್ಲ. ಪುಸ್ತಕದಲ್ಲಿ ತಿದ್ದಿಸಿಕೊಂಡು ಬರುತ್ತೇನೆ, ಆ ಕಾಗದ ಎರಡು ದಿನ ಕೊಡಿ ಎಂದಷ್ಟೇ ಹೇಳಿದೆ. ಅಂಜುತ್ತ ಅಂಜುತ್ತ ಕೊಟ್ಟರು.

ಮರುದಿನ ಬೆಳಗ್ಗೆಯೇ ಕೊಪ್ಪಳದ ಬಸ್ಸು ಹಿಡಿದೆ. ಹೇಮಗುಡ್ಡ ದಾಟುವತನಕ ಹಿಂತಿರುಗಿಬಿಡೋಣ ಅನ್ನಿಸುತ್ತಲೇ ಇತ್ತು. ಮಾಜಿ ಶಾಸಕರಿಗೆ ಈಗ ತೊಂಬತ್ತು ದಾಟಿದೆ. ಹಾಸಿಗೆ ಬಿಟ್ಟು ಏಳುವುದು ಕಡಿಮೆ, ಕಿವಿ ಮಂದ, ಆದರೆ ತಲೆ ಚುರುಕು. ಮಂಚದ ಪಕ್ಕದಲ್ಲಿ ಹೊಸ ಆವೃತ್ತಿಯ ಅಚ್ಚಿನ ಕರಡು ಇತ್ತು.

"ಬಾ ಮುನ್ಷಿ. ನಿಂದೂ ಗಡ್ಡ ಬೆಳ್ಳಗಾತಲ್ಲೋ," ಎಂದರು.

ಹಳೆಯ ಪಟ್ಟಿ ತೆಗೆಸಿರಿ ಎಂದೆ. ಅವರ ಕಾಗದಗಳೆಲ್ಲ ಒಂದು ಉಕ್ಕಿನ ಕಪಾಟಿನಲ್ಲಿ ಭದ್ರವಾಗಿದ್ದವು. ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಹ ಅಕ್ಷರದ ಮೇಲೆ ಚುಕ್ಕೆ ಇತ್ತು. ಆದರೆ ಮಸಿಯದಲ್ಲ. ತುಸು ಉಬ್ಬಿತ್ತು, ಕಂದು ಬಣ್ಣ. ಉಗುರಿನಿಂದ ಮೆಲ್ಲಗೆ ಕೆರೆದೆ, ಉದುರಿತು. ನೊಣದ ಹಿಕ್ಕೆ. ಕೆಳಗೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ, ಯಾವತ್ತೂ ಇದ್ದಿರಲಿಲ್ಲ. ಮೇಲಿನ ಚುಕ್ಕೆ ನೊಣ ಇಟ್ಟದ್ದು, ಕೆಳಗಿನದು ನಾನು ಇಟ್ಟದ್ದು.

ಎರಡು ಕಾಗದಗಳನ್ನೂ ಅವರ ಮುಂದೆ ಹಿಡಿದು, ಅವರ ಕಿವಿಯ ಹತ್ತಿರ ಬಾಗಿ, ನನ್ನ ತಪ್ಪನ್ನು ಕೂಗಿ ಕೂಗಿ ಹೇಳಬೇಕಾಯಿತು. ಮೆತ್ತಗೆ ಹೇಳಿದ್ದರೆ ಅವರಿಗೆ ಕೇಳುತ್ತಿರಲಿಲ್ಲ. ಮನೆಯವರೆಲ್ಲ ಬಾಗಿಲಲ್ಲಿ ಬಂದು ನಿಂತು ಕೇಳಿದರು. ಆಗಬೇಕಾದ್ದೇ ಎಂದುಕೊಂಡೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಹಂಗಾರ ಸುದ್ದಿ ಮುಟ್ಟಿಸಿದವ್ರು ಯಾರೋ?" ಎಂದರು.

"ಗೊತ್ತಿಲ್ರಿ, ಸಾಹೇಬ್ರ."

"ಮೂವತ್ತು ವರ್ಷ ಬೈಯಾಕ ಒಬ್ಬ ಇದ್ದ. ಈಗ ಅವನೂ ಇಲ್ಲದಂಗಾತು."

ಆ ಮಾತು ಕೇಳಿ ನನಗೆ ಅವರ ಮೇಲೆ ಇದ್ದ ಅಷ್ಟೋ ಇಷ್ಟೋ ಕುಹಕವೆಲ್ಲ ಹೋಯಿತು. ದೊಡ್ಡ ಪುಸ್ತಕದ ಹಿಂದೆ ಇದ್ದದ್ದು ಇಬ್ಬರು ಗೆಳೆಯರನ್ನು ದಂಡೆಯ ಮೇಲೆ ಬಿಟ್ಟು ಈಜಿಬಂದ ಒಬ್ಬ ಹುಡುಗನ ಸಂಕಟ. ಆದರೆ ಸಂಕಟವಿದ್ದವರು ನ್ಯಾಯವಾಗಿ ಬರೆಯುತ್ತಾರೆ ಎನ್ನುವ ಹಾಗಿಲ್ಲ. ತುಸು ಹೊತ್ತಿಗೆ ಅವರಿಗೆ ಹುರುಪು ಬಂತು. ಕರಡು ತೆಗೆದುಕೋ, ನಾ ಹೇಳಿದಂಗ ಬರಿ ಎಂದರು. ನಾನು ಒಂದೇ ಶಬ್ದ ತಿದ್ದಿಸುತ್ತಾರೆ ಎಂದುಕೊಂಡು ಪೆನ್ನು ತೆಗೆದೆ. ಅವರು ಹೇಳಿದ್ದು ಇಡೀ ಒಂದು ಪ್ಯಾರಾ. ಆ ನಾಕಾದ ಕಾರಕೂನನು ನಿಜಾಮನ ಅನ್ನ ತಿನ್ನುತ್ತಲೇ ಒಳಗೊಳಗೆ ಶಿಬಿರದ ಪರವಾಗಿದ್ದ ಎಲೆಮರೆಯ ದೇಶಭಕ್ತ, ಜೀವದ ಹಂಗು ತೊರೆದು ಹುಡುಗರಿಗೆ ನೆರವಾದವನು, ಇತ್ಯಾದಿ.

"ಸಾಹೇಬ್ರ, ಇದಕ್ಕ ಕಾಗದ ಎಲ್ಲೈತ್ರಿ?"

"ಮೂವತ್ತು ವರ್ಷ ದ್ರೋಹಿ ಅಂದೀನಿ. ಅದಕ್ಕ ಇಷ್ಟರ ಕೊಡಬೇಕಲ್ಲೋ ಅವಗ."

"ಬರೇ ಕಾರಕೂನ ಅಂತ ಬರದ್ರ ಸಾಕಲ್ರಿ?"

"ಬರೇ ಕಾರಕೂನ ನನ್ನ ಪುಸ್ತಕದಾಗ ಯಾಕ ಬರ್ತಾನ? ಈ ಕಡೆ ಇದ್ದವ್ರು ಬರ್ತಾರ, ಆ ಕಡೆ ಇದ್ದವ್ರು ಬರ್ತಾರ. ಸುಮ್ನ ಇದ್ದವ್ರಿಗೆ ಅದರಾಗ ಜಾಗಾ ಎಲ್ಲೈತಿ?"

ಅವರ ಮಟ್ಟಿಗೆ ಅದು ಉದಾರತೆಯೇ. ನಾನು ಬರೆದೆ. ಬೇಡ ಎನ್ನುವ ಧೈರ್ಯ ಮೂವತ್ತು ವರ್ಷದ ಹಿಂದೆ ಇರಲಿಲ್ಲ, ಈಗಲೂ ಇರಲಿಲ್ಲ. ಅದಲ್ಲದೆ ಒಳಗೊಂದು ಆಸೆಯೂ ಇತ್ತು. ಮುದುಕಿಗೆ ಇದನ್ನು ಓದಿ ಹೇಳಿದರೆ ಖುಷಿಯಾಗುತ್ತಾರೆ, ನನ್ನ ತಪ್ಪಿನ ಮಾತು ಎತ್ತುವ ಪ್ರಸಂಗವೇ ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಕರಡಿನ ಆ ಹಾಳೆಯನ್ನು ತೋರಿಸಿ ತರುತ್ತೇನೆ ಎಂದು ಕೇಳಿಕೊಂಡು ಚೀಲಕ್ಕೆ ಹಾಕಿಕೊಂಡೆ.

ಹನುಮನಹಳ್ಳಿಗೆ ಹೋದದ್ದು ಶನಿವಾರ. ಹೋಗಬಾರದಾಗಿತ್ತು. ಬೆಟ್ಟ ಹತ್ತುವ ಯಾತ್ರಿಕರ ಜಂಗುಳಿಯಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಮುಕಬೀರದವರ ಮನೆ ಎಲ್ಲಿ ಎಂದು ಕೇಳಿಯೇ ಹುಡುಕಬೇಕಾಯಿತು, ಬೇರೆ ಹೆಸರಿನಿಂದ ಯಾರಿಗೂ ಗೊತ್ತಿಲ್ಲ. ಆ ಶಬ್ದವನ್ನು ನನ್ನ ಬಾಯಿಂದಲೇ ಮೂರು ಸಲ ಹೇಳಿದೆ.

ಎರಡು ಖೋಲಿಯ ಮನೆ. ಮುದುಕಿ ಒಳಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದರು. ಮೊಮ್ಮಗನ ಹೆಂಡತಿ ಬೆಟ್ಟದ ಕೆಳಗೆ ಕಾಯಿ ಮಾರಲು ಹೋಗಿದ್ದಳು. ನನಗೆ ಚಾಪೆ ಹಾಕಿ, ನೀರು ಕೊಟ್ಟು, ಎದುರಿಗೆ ಕೂತರು. ಮೊದಲು ಅವರ ಕಾಗದ ಅವರ ಕೈಗೆ ಕೊಟ್ಟೆ. ಆಮೇಲೆ ಕರಡಿನ ಹಾಳೆ ತೆಗೆದು ಓದಿದೆ. ದೇಶಭಕ್ತ ಎನ್ನುವಲ್ಲಿ ದನಿ ತುಸು ಏರಿಸಿಯೇ ಓದಿದೆ.

ಅವರು ಅಕ್ಕಿಯಲ್ಲಿ ಕೈಯಿಟ್ಟುಕೊಂಡೇ ಕೇಳಿದರು. ಮುಗಿದ ಮೇಲೆ, "ಇದು ಯಾರ ಸುದ್ದಿರಿ?" ಎಂದರು.

"ನಿಮ್ಮಪ್ಪಂದೇ ಅವ್ವಾ."

"ನಮ್ಮಪ್ಪ ಹಿಂಗಿದ್ದಿಲ್ರಿ. ಅವ ಅಂಜುಬುರುಕ ಇದ್ದ. ಪೊಲೀಸರು ಬಂದ್ರೂ ಹಿತ್ತಲ ಬಾಗಲ್ಲೇ ಹೋಗಾಂವ, ಹುಡುಗ್ರು ಬಂದ್ರೂ ಹಿತ್ತಲ ಬಾಗಲ್ಲೇ ಹೋಗಾಂವ. ಆವತ್ತ ಗುಂಡಿನ ಸಪ್ಪಳಾದಾಗ ನನ್ನ ಎತ್ಕೊಂಡು ಕಣಜದ ಹಿಂದ ಕುಂತಿದ್ದ. ನನಗ ನೆನಪೈತಿ. ಅವನ ಮೈ ನಡಗತಿತ್ತು. ಎಷ್ಟು ಚೀಲ ಉಪ್ಪು ಬಂತು, ಎಷ್ಟು ಚೀಲ ಬೆಲ್ಲ ಹೋತು, ಅದನ್ನ ಬರೀತಿದ್ದ. ಅಷ್ಟ ರೀ ಅವನ ಕೆಲಸ."

"ಆದ್ರ ಇದು ಛಲೋ ಮಾತ ಐತಲ್ಲವ್ವಾ. ನಿಮ್ಮ ಮನಿತನಕ್ಕ ಹೆಸರು ಬರ್ತೈತಿ."

"ಹೆಸರು ಬಂದೈತಲ್ರಿ ಒಂದು, ಸಾಕಾಗೈತಿ," ಎಂದರು. ಆಮೇಲೆ ತಡೆದು, "ಮೊದಲ ಒಂದು ಸುಳ್ಳು ಬರದ್ರು. ಈಗ ಇನ್ನೊಂದು ಬರೀತಾರ. ಕಾರಕೂನ ಇದ್ದ ಅಂತ ಬರಿಯಾಕ ಅವರಿಗೇನು ತ್ರಾಸು? ಆಗೂದಿಲ್ಲಂದ್ರ ಹೆಸರ ತಗೀರಿ ಅನ್ರಿ. ಅದನ್ನ ಇಲ್ಲೇ ಹೊಡದು ಹಾಕ್ರಿ, ನನ್ನ ಮುಂದ."

ನಾನು ಪೆನ್ನು ತೆಗೆದು, ಆ ಪ್ಯಾರಾದ ಮೇಲೆ ಅಡ್ಡ ಗೀಟು ಎಳೆದೆ. ಹೆಸರಿನ ಮೇಲೆ ಎರಡು ಸಲ ಎಳೆದೆ. ಮಾಜಿ ಶಾಸಕರಿಗೆ ಏನು ಹೇಳಬೇಕು ಎಂದು ಆಗ ಯೋಚಿಸಲಿಲ್ಲ. ಆಮೇಲೆ ಹೇಳಿದಾಗ ಅವರು, ಸುಮ್ಮನೆ ಇದ್ದವನನ್ನು ಸುಮ್ಮನೆ ಬಿಡೋಣ ಎಂದು ಒಪ್ಪಿದರು. ಹೊಸ ಆವೃತ್ತಿ ಈಗ ಬಂದಿದೆ, ಅದರಲ್ಲಿ ಆ ಹೆಸರಿಲ್ಲ. ಹಳೆಯ ಪುಸ್ತಕಗಳು ಕಪಾಟುಗಳಲ್ಲಿ ಹಾಗೇ ಇವೆ.

ಗೀಟು ಎಳೆದ ಮೇಲೆ ಪೆನ್ನು ಮುಚ್ಚಿ ಎದ್ದು ಬರಬಹುದಿತ್ತು. ಆದರೆ ಅವರು ಮತ್ತೆ ನನಗೆ ಕೈ ಮುಗಿಯಲು ಹೊರಟರು. ಅದು ನನ್ನಿಂದ ತಡೆಯಲಾಗಲಿಲ್ಲ.

"ಅವ್ವಾ, ಮೊದಲಿನ ಸುಳ್ಳು ಅವ್ರು ಬರದದ್ದಲ್ಲ. ಆ ಕಾಗದ ಓದಿದಾಂವ ನಾನು. ನಿಮ್ಮಪ್ಪನ ಕೆಲಸ ತಪ್ಪು ಓದಿದಾಂವ ನಾನು."

ನೊಣದ ಮಾತು ಹೇಳಿದೆ. ಚುಕ್ಕೆಯ ಮಾತು ಹೇಳಿದೆ. ಅದು ನಮ್ಮವರ ಹೆಸರಲ್ಲ ಎಂದು ನನಗೆ ಸಮಾಧಾನವಾದದ್ದನ್ನೂ, ಅದಕ್ಕೇ ಎರಡನೆಯ ಸಲ ನೋಡದೆ ಬಿಟ್ಟದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅರವತ್ತು ದಾಟಿದ ಗಂಡಸು, ಹೆಂಗಸಿನ ಮುಂದೆ ಚಾಪೆಯ ಮೇಲೆ ಕೂತು ಅತ್ತೆ. ಬೈಯಲಿ, ಎದ್ದು ಹೋಗು ಅನ್ನಲಿ ಎಂದು ಕಾದೆ. ಅನ್ನಿಸಿಕೊಂಡರೆ ಹಗುರಾಗುತ್ತಿತ್ತು.

ಅವರು ಅಕ್ಕಿಯ ಮೊರ ಪಕ್ಕಕ್ಕೆ ಸರಿಸಿದರು.

"ನಿಮ್ಮದೇನೈತ್ರಿ," ಎಂದರು. "ನೀವು ಕಾಗದ ನೋಡಿದ್ರಿ. ಕಾಗದದಾಗ ತಪ್ಪಾಕ್ಕೈತಿ. ನಾ ಮನಷ್ಯಾನ್ನ ನೋಡಿದ್ದೆ. ಅವನ ತೊಡಿ ಮ್ಯಾಲ ಬೆಳದೀನಿ. ಕಡೀಕ ಅವನ ಬಾಯಾಗ ನೀರು ಬಿಟ್ಟಾಕಿ ನಾನು. ಆದ್ರೂ ಪುಸ್ತಕದಾಗ ಬಂದೈತಂದ ಕೂಡಲೇ, ಇರಬೇಕು ಅಂತ ನಂಬಿ ಬಿಟ್ಟೆ."

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಹಿರೇರ ಹಬ್ಬಕ್ಕ ಮನ್ಯಾಗ ಸತ್ತವ್ರಿಗೆಲ್ಲ ಎಡಿ ಇಡ್ತೀವಲ್ರಿ, ಹೋಳಿಗಿ ಮಾಡಿ, ಹೊಸಾ ಅರಿವಿ ಇಟ್ಟು, ಹೆಸರು ಹಿಡದು ಕರದು. ನಮ್ಮವ್ವಗ ಇಟ್ಟೀನಿ. ನನ್ನ ಗಂಡಗ ಇಟ್ಟೀನಿ. ಪುಸ್ತಕ ಬಂದ ವರ್ಷದಿಂದ ನಮ್ಮಪ್ಪಗ ಇಟ್ಟಿಲ್ಲ. ಎರಡು ಹುಡುಗ್ರನ್ನ ಕೊಲ್ಲಿಸಿದಾಂವಗ ಹೆಂಗ 'ಉಣಬಾರಪ್ಪಾ' ಅಂತ ಕರೀಲಿ ಅಂತ ಬಿಟ್ಟೆ."

ಹೊರಗೆ ಯಾತ್ರಿಕರ ಗದ್ದಲ ನಡೆದೇ ಇತ್ತು. ಅವರು ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ನನ್ನನ್ನು, ಓದಲು ಬಲ್ಲವನನ್ನು, ಕೇಳಿದರು:

"ಮೂವತ್ತು ವರ್ಷ ಕರೀಲಾರದಾಂವನ್ನ ಈಗ ಕರದ್ರ ಬರ್ತಾನೇನ್ರಿ, ಸಾಬ್ರ?"